ಸುದ್ದಿಯ ತೂಬು ನಿಮ್ಮ ಕೈಲಿರಲಿ: ಫೀಡ್ ರೀಡರ್ ಹೊಂದಿಸಿಕೊಳ್ಳುವ ಸಮಗ್ರ ಮಾರ್ಗದರ್ಶಿ

2024ರ ಆಗಸ್ಟ್ 10, ಶನಿವಾರ. ರಾತ್ರಿ 11ರ ಆಸುಪಾಸಿನಲ್ಲಿ ತುಂಗಭದ್ರಾ ಡ್ಯಾಂನ 19ನೇ ಕ್ರೆಸ್ಟ್ ಗೇಟಿನ ಚೈನ್ ತುಂಡಾಗಿ ಗೇಟ್ ಕೊಚ್ಚಿಹೋಯಿತು. ಕಾರಟಗಿಯ ನಮ್ಮ ಮನೆಗೆ ಆ ಸುದ್ದಿ ವಾಟ್ಸಾಪ್‌ನಲ್ಲಿ ಬಂತು. ಬಂದಿದ್ದು ಮಾತ್ರ ಬೇರೆ ಥರ. "ಡ್ಯಾಂ ಒಡೆದಿದೆ, ನದಿ ದಂಡೆಯವರು ಕೂಡಲೇ ಊರು ಬಿಡಿ" ಅಂತ ಬರೆದಿತ್ತು. ಜೊತೆಗೊಂದು ವಿಡಿಯೋ. ಅದರಲ್ಲಿದ್ದ ಡ್ಯಾಂ ನಮ್ಮದಲ್ಲ ಅಂತ ನನಗೆ ಗೊತ್ತಾಗಿದ್ದು ಮರುದಿನ. ಅಷ್ಟರಲ್ಲಿ ನಾನೇ ಅದನ್ನು ಮೂರು ಗ್ರೂಪಿಗೆ ಕಳಿಸಿಯಾಗಿತ್ತು. ಆನೆಗೊಂದಿ ಕಡೆ ಇರುವ ನಮ್ಮ ಸೋದರತ್ತೆ ಫೋನ್ ಮಾಡಿದರು. "ಏನಪ್ಪಾ, ಡ್ಯಾಂ ಒಡದೈತಂತಲ್ಲ, ಖರೇ ಏನು? ದನ ಬಿಚ್ಚಿ ಬಿಡ್ಲೇನು?" ಅವರ ದನಿ ನಡುಗುತ್ತಿತ್ತು.

ಡ್ಯಾಂ ಒಡೆದಿರಲಿಲ್ಲ. 33 ಗೇಟುಗಳಲ್ಲಿ ಒಂದು ಹೋಗಿತ್ತು. ಒತ್ತಡ ತಗ್ಗಿಸಲು ಉಳಿದ ಗೇಟುಗಳಿಂದಲೂ ನೀರು ಬಿಟ್ಟರು. ನದಿ ದಂಡೆಯವರು ಎಚ್ಚರವಾಗಿರಬೇಕಿತ್ತು, ಅದು ನಿಜ. ಆದರೆ ನಡುರಾತ್ರಿ ದನ ಬಿಚ್ಚಿ ಓಡುವ ಸ್ಥಿತಿ ಇರಲಿಲ್ಲ. ಆಮೇಲೆ ಡ್ಯಾಂ ಗೇಟುಗಳ ತಜ್ಞ ಕನ್ನಯ್ಯ ನಾಯ್ಡು ಅವರ ಮಾರ್ಗದರ್ಶನದಲ್ಲಿ ಹರಿಯುವ ನೀರಲ್ಲೇ ಸ್ಟಾಪ್ ಲಾಗ್, ಅಂದರೆ ಕಿಂಡಿಗೆ ಅಡ್ಡ ಇಡುವ ಉಕ್ಕಿನ ತಡೆಗಳನ್ನು ಇಳಿಸಿ, ಆಗಸ್ಟ್ 17ರ ಹೊತ್ತಿಗೆ ಆ ಕಿಂಡಿ ಮುಚ್ಚಿದರು. ಆ ಒಂದು ವಾರ ನಾವು ಕೇಳಿದ ಸುಳ್ಳಿಗೆ ಲೆಕ್ಕವಿಲ್ಲ. ಎರಡನೇ ಗೇಟೂ ಹೋಯಿತು ಅಂದರು. ಕೆನಾಲಿಗೆ ಈ ವರ್ಷ ನೀರೇ ಇಲ್ಲ ಅಂದರು. ನಾಟಿ ಮಾಡಿ ಕೂತವರಿಗೆ ಇಂಥ ಮಾತು ಸುಮ್ನೆ ಕೇಳಿ ಬಿಡುವಂಥದ್ದಲ್ಲ.

ಆಮೇಲೆ ನಾನು ಸುದ್ದಿ ನೋಡುವ ರೀತಿಯನ್ನೇ ಬದಲಿಸಿದೆ. ನಾನೇ ಆರಿಸಿದ ತಾಣಗಳ ಹೊಸ ಸುದ್ದಿಯನ್ನು ಒಂದೇ ಕಡೆ ತಂದಿಡುವ ಫೀಡ್ ರೀಡರ್ ಎಂಬ ಆ್ಯಪ್ ಹಾಕಿಕೊಂಡೆ. ಹೇಗೆ ಅಂತ ಇಲ್ಲಿ ಒಂದೊಂದಾಗಿ ಹೇಳುತ್ತೇನೆ. ಒಂದು ಆಂಡ್ರಾಯ್ಡ್ ಫೋನ್, ಒಂದು ಭಾನುವಾರದ ಮಧ್ಯಾಹ್ನ ಇದ್ದರೆ ಸಾಕು.

ಮೊದಲು, ಸಾಮಾಜಿಕ ಜಾಲತಾಣಕ್ಕೂ ಫೀಡ್ ರೀಡರ್‌ಗೂ ಇರುವ ವ್ಯತ್ಯಾಸ

ನಮ್ಮ ಎಡದಂಡೆ ಕಾಲುವೆ 200 ಕಿಲೋಮೀಟರಿಗೂ ಜಾಸ್ತಿ ಉದ್ದ. ಮೇಲಿನವರು ಎಳೆದುಕೊಂಡು ಉಳಿದರೆ ಮಾತ್ರ ಟೇಲೆಂಡಿಗೆ, ಅಂದರೆ ಕಾಲುವೆಯ ಕೊನೆಯವರಿಗೆ ನೀರು. ಫೇಸ್‌ಬುಕ್, ಇನ್‌ಸ್ಟಾಗ್ರಾಂನಲ್ಲಿ ಸುದ್ದಿ ಹರಿಯುವುದೂ ಹೀಗೆಯೇ. ಯಾವುದಕ್ಕೆ ಜನ ಹೆಚ್ಚು ಹೊತ್ತು ನಿಲ್ಲುತ್ತಾರೆ, ಸಿಟ್ಟಾಗುತ್ತಾರೆ, ಕಾಮೆಂಟ್ ಹಾಕುತ್ತಾರೆ ಅಂತ ಕಂಪನಿಯ ಕಂಪ್ಯೂಟರ್ ಲೆಕ್ಕ ಹಾಕುತ್ತದೆ. ಅಂಥದ್ದೇ ಮೊದಲು ಮುಂದೆ ಬರುತ್ತದೆ. ಸಿನಿಮಾ ಜಗಳ ಮೊದಲು, ನೀರಾವರಿ ಸಲಹಾ ಸಮಿತಿ ಸಭೆಯ ತೀರ್ಮಾನ ಕೊನೆಗೆ. ಬಂದರೆ ಬಂತು, ಇಲ್ಲದಿದ್ದರೆ ಇಲ್ಲ. ನೀವು ಪತ್ರಿಕೆಯ ಪೇಜನ್ನು ಫಾಲೋ ಮಾಡಿದ್ದೀರಿ ಅಂದರೆ ಅದರ ಎಲ್ಲ ಸುದ್ದಿ ನಿಮಗೆ ಬರುತ್ತದೆ ಅಂತ ಅರ್ಥವಲ್ಲ. 2018ರ ಜನವರಿಯಲ್ಲಿ ಫೇಸ್‌ಬುಕ್ಕೇ ಇದನ್ನು ಹೇಳಿತು. ಇನ್ನು ಮೇಲೆ ಗೆಳೆಯರು, ಬಂಧುಗಳ ಪೋಸ್ಟ್ ಹೆಚ್ಚು ತೋರಿಸುತ್ತೇವೆ, ಸುದ್ದಿ ಸಂಸ್ಥೆಗಳದ್ದು ಕಡಿಮೆ ಮಾಡುತ್ತೇವೆ ಅಂತ.

ಫೀಡ್ ರೀಡರ್‌ನಲ್ಲಿ ತೂಬು ನಿಮ್ಮ ಕೈಯಲ್ಲಿ. ಫೀಡ್ ಅಂದರೆ ಏನು? ಸುದ್ದಿ ತಾಣ ತನ್ನ ಹೊಸ ಬರಹಗಳ ಪಟ್ಟಿಯನ್ನು ಒಂದು ಸಾದಾ ಫೈಲ್ ಮಾಡಿ ಒಂದು ವಿಳಾಸದಲ್ಲಿ ಇಟ್ಟಿರುತ್ತದೆ. ಅದನ್ನು ಬ್ರೌಸರಿನಲ್ಲಿ ತೆರೆದು ನೋಡಿ. ಚೂಪು ಕಂಸಗಳ ನಡುವೆ 'ಐಟಂ' ಅಂತ ಇರುತ್ತದೆ. ಅದರೊಳಗೆ 'ಟೈಟಲ್', ಅಂದರೆ ತಲೆಬರಹ. ಕೆಳಗೆ 'ಲಿಂಕ್'. ಅದರ ಕೆಳಗೆ 'ಪಬ್‌ಡೇಟ್', ಅಂದರೆ ಪ್ರಕಟವಾದ ದಿನ ಮತ್ತು ಹೊತ್ತು. ಕೆಲವರು ಎರಡು ಸಾಲು ಸಾರಾಂಶ ಕೊಡುತ್ತಾರೆ, ಕೆಲವರು ಪೂರ್ತಿ ಬರಹವನ್ನೇ ಕೊಡುತ್ತಾರೆ. ಅಷ್ಟೇ. ರೀಡರ್ ಆ್ಯಪ್ ಆಗಾಗ ಆ ವಿಳಾಸಕ್ಕೆ ಹೋಗಿ, ಹೊಸದು ಬಂದಿದ್ದರೆ ತಂದು ಇಡುತ್ತದೆ. ಹೊಸದು ಮೇಲೆ, ಹಳೆಯದು ಕೆಳಗೆ. ನಡುವೆ ಯಾರೂ ಕೈ ಹಾಕುವುದಿಲ್ಲ.

ಆ 'ಪಬ್‌ಡೇಟ್' ನನಗೆ ಬಹಳ ಮುಖ್ಯ. ಹಳೆಯ ನೆರೆಯ ವಿಡಿಯೋ ಇವತ್ತಿನದು ಅಂತ ಓಡಾಡುವ ಕಾಲ ಇದು. ಫೀಡಿನಲ್ಲಿ ಹೊತ್ತು ಬರೆದೇ ಇರುತ್ತದೆ. ಆದರೆ ಫೈಲ್ ತೆರೆದು ನೋಡುವಾಗ ಒಂದು ಗಮನವಿರಲಿ. ಕೊನೆಗೆ ಜಿಎಂಟಿ, ಅಂದರೆ ಇಂಗ್ಲೆಂಡಿನ ಗ್ರೀನಿಚ್ ಸಮಯ ಅಂತ ಇದ್ದರೆ ಐದೂವರೆ ಗಂಟೆ ಕೂಡಿಸಿ. '+0530' ಅಂತ ಇದ್ದರೆ ಅದು ನಮ್ಮದೇ ಗಡಿಯಾರ.

ಇದು ಹೊಸದೇನಲ್ಲ. 1999ರಲ್ಲಿ ನೆಟ್‌ಸ್ಕೇಪ್ ಕಂಪನಿಯಲ್ಲಿ ರಾಮನಾಥನ್ ಗುಹಾ ಮತ್ತು ಡ್ಯಾನ್ ಲಿಬಿ ಇದರ ಮೊದಲ ರೂಪ ಮಾಡಿದರು. ಹೆಸರು ಆರ್‌ಎಸ್‌ಎಸ್. ನೀವು ಪಾಡ್‌ಕಾಸ್ಟ್ ಕೇಳುವವರಾದರೆ ಗೊತ್ತಿಲ್ಲದೇ ಇದನ್ನು ಬಳಸಿದ್ದೀರಿ, ಪಾಡ್‌ಕಾಸ್ಟುಗಳು ಸಾಗುವುದು ಇದೇ ಫೀಡಿನ ಮೇಲೆ. ಇಂಟರ್‌ನೆಟ್ಟಿನಲ್ಲಿ ಹುಡುಕುವಾಗ ಮಾತ್ರ 'ಆರ್‌ಎಸ್‌ಎಸ್ ಫೀಡ್' ಅಂತ ಎರಡೂ ಪದ ಬರೆಯಿರಿ. ಬರೀ ಮೊದಲ ಪದ ಬರೆದರೆ ಸಂಘದ ಸುದ್ದಿ ಬರುತ್ತದೆ.

ಒಂದು ವಾರ ಬರೆದಿಡಿ

ಆ್ಯಪ್ ಹಾಕುವ ಅವಸರ ಬೇಡ. ಮೊದಲು ಒಂದು ವಾರ ಒಂದು ನೋಟ್‌ಬುಕ್ ಇಟ್ಟುಕೊಳ್ಳಿ. ನಿಮ್ಮ ಕೆಲಸಕ್ಕೆ ಬಂದ ಸುದ್ದಿ ಯಾವುದು, ಅದು ಮೊದಲು ಎಲ್ಲಿ ಸಿಕ್ಕಿತು, ನಿಜವಾಗಿತ್ತಾ. ಈ ಮೂರೇ ಬರೆಯಿರಿ. ನನ್ನ ಪುಟದಲ್ಲಿ ಹೀಗಿತ್ತು: ಕೆನಾಲಿಗೆ ನೀರು ಬಿಡುವ ದಿನ, ವಾಟ್ಸಾಪ್, ತಪ್ಪು. ಗಂಗಾವತಿಯಲ್ಲಿ ಭತ್ತದ ರೇಟು, ಪರಿಚಯದವರ ಫೋನ್, ಸರಿ. ಕರೆಂಟ್ ಇಲ್ಲ ಅನ್ನುವ ಪ್ರಕಟಣೆ, ಪತ್ರಿಕೆ, ಸರಿ. ಮಗಳ ಪರೀಕ್ಷೆ ಮುಂದಕ್ಕೆ ಹೋಯಿತು ಅನ್ನುವುದು, ಇನ್‌ಸ್ಟಾಗ್ರಾಂ, ಸುಳ್ಳು.

ವಾರದ ಕೊನೆಗೆ ನಿಮಗೆ ನಿಜವಾಗಿ ಬೇಕಾದ ವಿಷಯ ಎಂಟು ಹತ್ತಕ್ಕಿಂತ ಜಾಸ್ತಿ ಇಲ್ಲ ಅಂತ ಕಾಣುತ್ತದೆ. ಫೋನ್ ನೋಡಿದ ಹೊತ್ತು ಮಾತ್ರ ಗಂಟೆಗಟ್ಟಲೆ. ಆ ಎಂಟು ಹತ್ತೇ ನಿಮ್ಮ ಪಟ್ಟಿ. ಅದನ್ನು ಮುಂದಿಟ್ಟುಕೊಂಡೇ ಮುಂದಿನ ಕೆಲಸ ಮಾಡಿ.

ಯಾವ ಆ್ಯಪ್?

ಆಂಡ್ರಾಯ್ಡ್ ಫೋನ್ ಒಂದೇ ಇದ್ದರೆ ನಾನು ಹೇಳುವುದು 'ಫೀಡರ್'. ಉಚಿತ. ಖಾತೆ ತೆರೆಯಬೇಕಿಲ್ಲ, ಫೋನ್ ನಂಬರ್ ಕೊಡಬೇಕಿಲ್ಲ. ಪಟ್ಟಿ ನಿಮ್ಮ ಫೋನಿನಲ್ಲೇ ಇರುತ್ತದೆ. ಅಂಗಡಿಯ ಕಂಪ್ಯೂಟರಿನಲ್ಲೂ ಫೋನಿನಲ್ಲೂ ಒಂದೇ ಪಟ್ಟಿ ಬೇಕು ಅನ್ನುವವರು 'ಫೀಡ್ಲಿ' ಅಥವಾ 'ಇನೋರೀಡರ್'ನಲ್ಲಿ ಉಚಿತ ಖಾತೆ ಮಾಡಿಕೊಳ್ಳಬಹುದು. ಐಫೋನ್ ಇದ್ದವರಿಗೆ 'ನೆಟ್‌ನ್ಯೂಸ್‌ವೈರ್' ಇದೆ, ಅದೂ ಉಚಿತ.

ಫೀಡ್ ಹುಡುಕುವುದು

ಜನ ಕೈಬಿಡುವುದು ಈ ಜಾಗದಲ್ಲೇ. ಹಾಗಾಗಿ ನಿಧಾನವಾಗಿ ಹೇಳುತ್ತೇನೆ.

ಫೀಡರ್ ತೆರೆಯಿರಿ. ಮೂಲೆಯ ಮೂರು ಚುಕ್ಕೆ ಒತ್ತಿ, ಫೀಡ್ ಸೇರಿಸುವ ಆಯ್ಕೆಗೆ ಹೋಗಿ. ಅಲ್ಲಿ ಸುದ್ದಿ ತಾಣದ ಮುಖಪುಟದ ವಿಳಾಸ ಹಾಕಿ ಹುಡುಕಿ. ಎಷ್ಟೋ ತಾಣಗಳು ತಮ್ಮ ಫೀಡ್ ಎಲ್ಲಿದೆ ಅಂತ ಪುಟದ ಒಳಗೆ ಬರೆದಿಟ್ಟಿರುತ್ತವೆ, ಆ್ಯಪ್ ಅದನ್ನು ತಾನೇ ಓದಿಕೊಳ್ಳುತ್ತದೆ. ಸಿಕ್ಕರೆ ಹೆಸರು ಕೆಳಗೆ ಬರುತ್ತದೆ. ಒತ್ತಿ, ಒಂದು ಗುಂಪಿನ ಹೆಸರು ಕೊಟ್ಟು ಉಳಿಸಿ.

ಸಿಗಲಿಲ್ಲವಾ? ಅದೇ ವಿಳಾಸದ ಕೊನೆಗೆ ಒಂದು ಓರೆಗೆರೆ ಹಾಕಿ, ಇಂಗ್ಲಿಷಿನಲ್ಲಿ ಎಫ್, ಇ, ಇ, ಡಿ ಎಂಬ ನಾಲ್ಕು ಅಕ್ಷರ ಬರೆದು ಮತ್ತೆ ಹುಡುಕಿ. ನಮ್ಮ ಕಡೆಯ ಸಣ್ಣ ಸುದ್ದಿ ತಾಣಗಳಲ್ಲಿ ಬಹಳಷ್ಟು ವರ್ಡ್‌ಪ್ರೆಸ್ ಎಂಬ ತಾಣ ಕಟ್ಟುವ ತಂತ್ರಾಂಶದಲ್ಲಿ ಮಾಡಿದವು. ವರ್ಡ್‌ಪ್ರೆಸ್ ಅಂದರೆ ಈ ನಾಲ್ಕು ಅಕ್ಷರ ಸಾಮಾನ್ಯವಾಗಿ ಸಾಕು. ಆಗಲೂ ಸಿಗದಿದ್ದರೆ ತಾಣದ ತೀರಾ ಕೆಳಗೆ ಹೋಗಿ ನೋಡಿ. ಒಂದು ಚುಕ್ಕೆ, ಅದರ ಮೇಲೆ ಎರಡು ಕಮಾನು ಇರುವ ಕಿತ್ತಳೆ ಬಣ್ಣದ ಗುರುತು ಇದ್ದರೆ ಅದೇ ಫೀಡ್.

ಪತ್ರಿಕೆಯ ವಿಷಯದಲ್ಲಿ ಒಂದು ಮಾತು. ದೊಡ್ಡ ಪತ್ರಿಕೆಯ 'ಎಲ್ಲ ಸುದ್ದಿ' ಫೀಡ್ ಸೇರಿಸಬೇಡಿ. ರಾಶಿ ಬಂದು ಬೀಳುತ್ತದೆ, ಮೂರನೇ ದಿನಕ್ಕೆ ಬೇಸತ್ತು ಆ್ಯಪ್ ತೆಗೆದುಹಾಕುತ್ತೀರಿ. ನಾನೂ ಮೊದಲ ಸಲ ಹೀಗೇ ಮಾಡಿ ಸೋತಿದ್ದೆ. ಕೊಪ್ಪಳ, ರಾಯಚೂರು, ಬಳ್ಳಾರಿ ಅಂತ ಜಿಲ್ಲೆಯ ಪುಟ ಬೇರೆ ಇರುತ್ತದೆ. ಆ ಪುಟದ ವಿಳಾಸವನ್ನೇ ಹಾಕಿ ಹುಡುಕಿ. ಅದಕ್ಕೆ ಫೀಡ್ ಇಲ್ಲದಿದ್ದರೆ ಮುಂದಿನ ದಾರಿ ಇದೆ. ಇ-ಪೇಪರ್ ಮಾತ್ರ ಈ ದಾರಿಗೆ ಬರುವುದಿಲ್ಲ. ಅದು ಪುಟದ ಚಿತ್ರ, ಫೀಡ್ ಅಲ್ಲ.

ಗೂಗಲ್ ಅಲರ್ಟ್: ನಿಮ್ಮ ಊರಿಗೇ ಒಂದು ಫೀಡ್

ಇಡೀ ಮಾರ್ಗದರ್ಶಿಯಲ್ಲಿ ನನಗೆ ಅತಿ ಹೆಚ್ಚು ಉಪಯೋಗವಾಗಿದ್ದು ಇದು. ನೀವು ಕೊಟ್ಟ ಪದ ಇರುವ ಹೊಸ ಸುದ್ದಿ ಬಂದಾಗ ಗೂಗಲ್ ತಿಳಿಸುವ ಸೇವೆ ಇದು. ಕಂಪ್ಯೂಟರಿನಲ್ಲಿ ಮಾಡಿದರೆ ಸಲೀಸು. ನಿಮ್ಮ ಜಿಮೇಲ್ ಖಾತೆಯಲ್ಲಿ ಲಾಗಿನ್ ಆಗಿ ಗೂಗಲ್ ಅಲರ್ಟ್ಸ್ ಪುಟ ತೆರೆಯಿರಿ. ಪೆಟ್ಟಿಗೆಯಲ್ಲಿ ನಿಮಗೆ ಬೇಕಾದ ಪದ ಬರೆಯಿರಿ. ಕೆಳಗೆ ಆಯ್ಕೆಗಳನ್ನು ತೆರೆದರೆ, ಎಲ್ಲಿಗೆ ತಲುಪಿಸಬೇಕು ಅಂತ ಕೇಳುವ ಜಾಗದಲ್ಲಿ ಇಮೇಲ್ ವಿಳಾಸ ಇರುತ್ತದೆ. ಅದನ್ನು ತೆಗೆದು ಆರ್‌ಎಸ್‌ಎಸ್ ಫೀಡ್ ಆರಿಸಿ. ಅಲರ್ಟ್ ಉಳಿಸಿ. ಈಗ ಆ ಪದದ ಪಕ್ಕ ಫೀಡಿನ ಗುರುತು ಬರುತ್ತದೆ. ಅದನ್ನು ಒತ್ತಿ, ತೆರೆದ ಪುಟದ ವಿಳಾಸ ನಕಲು ಮಾಡಿ, ನಿಮಗೇ ವಾಟ್ಸಾಪ್ ಕಳಿಸಿಕೊಂಡು, ಫೋನಿನ ಫೀಡರ್‌ಗೆ ಹಾಕಿ.

ಪದ ಹೇಗೆ ಬರೆಯುತ್ತೀರಿ ಅನ್ನುವುದರ ಮೇಲೆ ಎಲ್ಲ ನಿಂತಿದೆ. ನಾನು ಮೊದಲು ಬರೀ 'ಎಡದಂಡೆ ಕಾಲುವೆ' ಅಂತ ಹಾಕಿದ್ದೆ. ಅರ್ಧಕ್ಕರ್ಧ ನಾರಾಯಣಪುರ ಎಡದಂಡೆ ಕಾಲುವೆಯ ಸುದ್ದಿ ಬಂತು. ಅದು ಕೃಷ್ಣೆಯದು, ನಮ್ಮದು ತುಂಗಭದ್ರೆಯದು. ಈಗ 'ತುಂಗಭದ್ರಾ ಎಡದಂಡೆ' ಎಂದು ಇಡಿಯಾಗಿ ಜೋಡಿ ಉದ್ಧರಣ ಚಿಹ್ನೆಯ ಒಳಗೆ ಹಾಕಿದ್ದೇನೆ. ಹೀಗೆ ಹಾಕಿದರೆ ಆ ಪದಗಳು ಅದೇ ಸಾಲಿನಲ್ಲಿ ಇರುವ ಸುದ್ದಿ ಮಾತ್ರ ಬರುತ್ತದೆ. ಕೆಲವರು 'ತುಂಗಾಭದ್ರಾ' ಅಂತ ದೀರ್ಘ ಕೊಟ್ಟು ಬರೆಯುತ್ತಾರೆ, ಕೆಲವರು 'ಟಿಬಿ ಡ್ಯಾಂ' ಅನ್ನುತ್ತಾರೆ. ಒಂದೊಂದಕ್ಕೂ ಬೇರೆ ಅಲರ್ಟ್ ಮಾಡಿ. ಊರಿನ ಹೆಸರನ್ನು ಕನ್ನಡದಲ್ಲೂ ಇಂಗ್ಲಿಷಿನಲ್ಲೂ ಹಾಕಿ, ಯಾಕೆಂದರೆ ನಮ್ಮ ನೀರಿನ ಸುದ್ದಿ ಇಂಗ್ಲಿಷ್ ಪತ್ರಿಕೆಗಳಲ್ಲೂ ಬರುತ್ತದೆ. ಡ್ಯಾಂ ನೀರಿನಲ್ಲಿ ಆಂಧ್ರ, ತೆಲಂಗಾಣಕ್ಕೂ ಪಾಲಿದೆಯಲ್ವಾ? ತೆಲುಗು ಓದಲು ಬರುವವರು ಆ ಲಿಪಿಯಲ್ಲೂ ಒಂದು ಅಲರ್ಟ್ ಇಟ್ಟುಕೊಳ್ಳಲಿ. ಬಳ್ಳಾರಿ, ಸಿಂಧನೂರು ಕಡೆ ಅಂಥವರು ಬೇಕಾದಷ್ಟು ಜನ ಇದ್ದಾರೆ.

ಯೂಟ್ಯೂಬ್ ಚಾನೆಲ್‌ಗಳನ್ನೂ ಹೀಗೆ ತರಬಹುದು. ಪ್ರತಿ ಚಾನೆಲ್‌ಗೂ ಒಂದು ಫೀಡ್ ಇದೆ. ಫೀಡ್ಲಿ, ಇನೋರೀಡರ್‌ನಲ್ಲಿ ಚಾನೆಲ್‌ನ ವಿಳಾಸ ಹಾಕಿದರೆ ಅವೇ ಹುಡುಕಿಕೊಳ್ಳುತ್ತವೆ. ಕೃಷಿ ವಿಡಿಯೋ ನೋಡುವವರಿಗೆ ಇದು ಒಳ್ಳೆಯದು. ಬೇಕಾದ ವಿಡಿಯೋ ನೋಡಿ ಹೊರಗೆ ಬರಬಹುದು, ಪಕ್ಕದಲ್ಲಿ ಬೇರೆಯದು ಕರೆಯುವುದಿಲ್ಲ. ಕೇಂದ್ರ ಸರ್ಕಾರದ ವಾರ್ತಾ ಶಾಖೆ ಪಿಐಬಿ, ರಿಸರ್ವ್ ಬ್ಯಾಂಕ್ ಇವೂ ಫೀಡ್ ಕೊಡುತ್ತವೆ. ಫೇಸ್‌ಬುಕ್ ಮತ್ತು ಎಕ್ಸ್ ಕೊಡುವುದಿಲ್ಲ. ಹಿಂದೆ ಕೊಡುತ್ತಿದ್ದವು, ಎಕ್ಸ್ ಇನ್ನೂ ಟ್ವಿಟರ್ ಆಗಿದ್ದಾಗ 2013ರಲ್ಲೇ ನಿಲ್ಲಿಸಿತು.

ಡ್ಯಾಂನ ನೀರಿನ ಮಟ್ಟಕ್ಕೆ ಮಾತ್ರ ಫೀಡ್ ಹುಡುಕುತ್ತಾ ಕೂರಬೇಡಿ. ತುಂಗಭದ್ರಾ ಮಂಡಳಿಯ ತಾಣದಲ್ಲೂ, ರಾಜ್ಯ ನೈಸರ್ಗಿಕ ವಿಕೋಪ ಉಸ್ತುವಾರಿ ಕೇಂದ್ರದ ತಾಣದಲ್ಲೂ ದಿನದ ಅಂಕಿ ಹಾಕುತ್ತಾರೆ. ಎರಡನ್ನೂ ಫೋನಿನ ಬ್ರೌಸರಿನಲ್ಲಿ ಬುಕ್‌ಮಾರ್ಕ್ ಮಾಡಿ, ಹೋಂ ಸ್ಕ್ರೀನಿಗೆ ತಂದಿಡಿ. ಒಳಹರಿವು ಎಷ್ಟು, ಹೊರಹರಿವು ಎಷ್ಟು ಕ್ಯೂಸೆಕ್ ಅಂತ ನೀವೇ ನೋಡಿದರೆ ಗಾಳಿಮಾತಿಗೆ ಜಾಗ ಇರುವುದಿಲ್ಲ.

ಗುಂಪು ಮತ್ತು ಸೆಟ್ಟಿಂಗ್

ನನ್ನ ಫೀಡರ್‌ನಲ್ಲಿ ಮೂರು ಗುಂಪು. 'ನೀರು-ಬೆಳೆ', 'ಜಿಲ್ಲೆ', 'ಬಿಡುವಿದ್ದಾಗ'. ಒಟ್ಟು 17 ಫೀಡ್. ಇಪ್ಪತ್ತು ದಾಟಬೇಡಿ. ಹೊಸದೊಂದು ಸೇರಿಸಿದರೆ ಹಳೆಯದೊಂದು ತೆಗೆಯಿರಿ.

ನೋಟಿಫಿಕೇಶನ್ ಎಲ್ಲ ಬಂದ್ ಮಾಡಿ. ಮಳೆಗಾಲದಲ್ಲಿ 'ತುಂಗಭದ್ರಾ' ಅಲರ್ಟ್ ಒಂದಕ್ಕೆ ಮಾತ್ರ ಬಿಡಿ. ಡೇಟಾ ಉಳಿಸಬೇಕು ಅನ್ನುವವರು ವೈಫೈ ಇದ್ದಾಗ ಮಾತ್ರ ತರುವ ಆಯ್ಕೆ ಹಾಕಬಹುದು. ಸಾರಾಂಶ ಮಾತ್ರ ಕೊಡುವ ಫೀಡುಗಳಿಗೆ, ಆ ಫೀಡಿನ ಸೆಟ್ಟಿಂಗಿನಲ್ಲಿ ಪೂರ್ತಿ ಬರಹ ತರುವ ಆಯ್ಕೆ ಒತ್ತಿ. ಒಮ್ಮೆ ತಂದಿಟ್ಟರೆ ನೆಟ್‌ವರ್ಕ್ ಸಿಗದ ಹೊಲದಲ್ಲೂ ಓದಬಹುದು.

ದಿನಕ್ಕೆ ಎರಡು ಸಲ ತೆರೆಯಿರಿ. ಬೆಳಿಗ್ಗೆ ಚಹಾದ ಹೊತ್ತು, ರಾತ್ರಿ ಊಟಕ್ಕೆ ಮುಂಚೆ. ತಲೆಬರಹಗಳ ಮೇಲೆ ಕಣ್ಣಾಡಿಸಿ, ಮೂರೋ ನಾಲ್ಕೋ ಓದಿ, ಉಳಿದದ್ದನ್ನು 'ಎಲ್ಲ ಓದಿದೆ' ಅಂತ ಗುರುತು ಹಾಕಿ ಮುಚ್ಚಿ. ಓದದೆ ಉಳಿದದ್ದು ಸಾಲ ಅಲ್ಲ. ನನಗೆ ಕಾಲು ಗಂಟೆ ಹಿಡಿಯುತ್ತದೆ. ಪಟ್ಟಿ ಮುಗಿಯುತ್ತದೆ ಅನ್ನುವುದೇ ದೊಡ್ಡ ನೆಮ್ಮದಿ. ಫೇಸ್‌ಬುಕ್ ಮುಗಿದದ್ದನ್ನು ನಾನಂತೂ ಕಂಡಿಲ್ಲ.

ಹಾಗಾದರೆ ಸಾಮಾಜಿಕ ಜಾಲತಾಣ ಬಿಟ್ಟುಬಿಡಬೇಕಾ?

ಬೇಡ. ನಮ್ಮ ಡಿಸ್ಟ್ರಿಬ್ಯೂಟರಿಯಲ್ಲಿ, ಅಂದರೆ ಉಪಕಾಲುವೆಯಲ್ಲಿ, ಎಲ್ಲಿ ಏರಿ ಒಡೆದಿದೆ ಅಂತ ಯಾವ ಪತ್ರಿಕೆಯೂ ಆ ಗಳಿಗೆಯಲ್ಲಿ ಬರೆಯುವುದಿಲ್ಲ. ಕಾಲುವೆ ಮೇಲೆ ನಿಂತ ಗ್ಯಾಂಗ್‌ಮನ್ ಹಾಕಿದ ಒಂದು ಫೋಟೋ ನೂರು ಸುದ್ದಿಗೆ ಸಮ. ಕಂಪ್ಲಿ ಸೇತುವೆ ಮೇಲೆ ನೀರು ಬಂತಾ ಅಂತ ಗಂಗಾವತಿಯಿಂದ ಹೊರಡುವ ಮುಂಚೆ ಕೇಳಬೇಕಾದ್ದೂ ಅಲ್ಲೇ. ಕಣ್ಣಾರೆ ಕಂಡವರ ಮಾತಿಗೆ ವಾಟ್ಸಾಪ್ ಚೆನ್ನ. 'ಯಾರೋ ಕಳಿಸಿದ್ದು' ಅನ್ನುವುದಕ್ಕೆ ಅದು ಕೆಟ್ಟ ಜಾಗ.

ಇದು ಬರೀ ಗಾಬರಿಯ ಮಾತಲ್ಲ. 2018ರ ಜುಲೈನಲ್ಲಿ ನಮ್ಮದೇ ಕಲ್ಯಾಣ ಕರ್ನಾಟಕದ ಬೀದರ್ ಜಿಲ್ಲೆಯ ಮುರ್ಕಿಯಲ್ಲಿ, ಮಕ್ಕಳ ಕಳ್ಳರು ಬಂದಿದ್ದಾರೆ ಅನ್ನುವ ವಾಟ್ಸಾಪ್ ಸುಳ್ಳು ನಂಬಿ ಜನ ಒಬ್ಬ ಯುವಕನನ್ನು ಹೊಡೆದು ಕೊಂದರು. ದೇಶದಲ್ಲಿ ಇಂಥ ಸಾವು ಅದೊಂದೇ ಆಗಿರಲಿಲ್ಲ. ಅದೇ ತಿಂಗಳು ವಾಟ್ಸಾಪ್ ಭಾರತದಲ್ಲಿ ಒಂದು ಸಲಕ್ಕೆ 5 ಚಾಟಿಗೆ ಮಾತ್ರ ಫಾರ್ವರ್ಡ್ ಮಾಡುವ ಮಿತಿ ತಂದಿತು. 2020ರಿಂದ, ಬಹಳ ಸಲ ಕೈ ಬದಲಾಯಿಸಿದ ಸಂದೇಶವನ್ನು ಒಂದು ಸಲಕ್ಕೆ ಒಂದೇ ಚಾಟಿಗೆ ಕಳಿಸಬಹುದು. ಅಂಥ ಸಂದೇಶದ ಮೇಲೆ ಎರಡು ಬಾಣದ ಗುರುತು ಇರುತ್ತದೆ.

ಎರಡು ಬಾಣ ಕಂಡರೆ ನಾನು ಹೀಗೆ ಮಾಡುತ್ತೇನೆ. ಮೊದಲು, ಕಳಿಸಿದವರಿಗೆ "ನೀವು ನೋಡಿದಿರಾ?" ಅಂತ ಕೇಳುತ್ತೇನೆ. ಎಷ್ಟೋ ಸಲ ಇಲ್ಲಿಗೇ ಮುಗಿಯುತ್ತದೆ. ಆಮೇಲೆ ಫೀಡರ್ ತೆರೆದು 'ನೀರು-ಬೆಳೆ' ಗುಂಪು ನೋಡುತ್ತೇನೆ. ಎರಡು ಬೇರೆ ಬೇರೆ ಕಡೆ ಅದೇ ಸುದ್ದಿ ಇದ್ದರೆ ಸರಿ. ಒಂದೇ ಏಜೆನ್ಸಿಯ ಸುದ್ದಿಯನ್ನು ಇಬ್ಬರೂ ಹಾಕಿದ್ದರೆ ಅದನ್ನು ಒಂದೇ ಅಂತ ಲೆಕ್ಕ ಹಿಡಿಯುತ್ತೇನೆ. ಫೋಟೋ ಇದ್ದರೆ ಗೂಗಲ್ ಲೆನ್ಸ್‌ಗೆ ಹಾಕುತ್ತೇನೆ. ಹಳೆಯದಾದರೆ ಅದು ಮೊದಲು ಬಂದ ಪುಟ ಹೆಚ್ಚಾಗಿ ಸಿಕ್ಕಿಬಿಡುತ್ತದೆ. ಎಲ್ಲೂ ಏನೂ ಸಿಗದಿದ್ದರೆ ಮುಂದೆ ಕಳಿಸುವುದಿಲ್ಲ, ಅಷ್ಟೇ. ಆದರೆ ನದಿ ಪಕ್ಕ ಇರುವವರಿಗೆ ಒಂದು ಮಾತು: ನೀರಿನ ಎಚ್ಚರಿಕೆ ಅಂದಾಗ ಖಚಿತವಾಗುವವರೆಗೂ ಸುಮ್ನೆ ಕೂರಬೇಡಿ. ಪಂಚಾಯಿತಿಗೋ ಪೊಲೀಸ್ ಸಹಾಯವಾಣಿ 112ಕ್ಕೋ ಫೋನ್ ಮಾಡಿ ಕೇಳಿ.

ಫೇಸ್‌ಬುಕ್, ಇನ್‌ಸ್ಟಾಗ್ರಾಂ, ಎಕ್ಸ್ ಮೂರರಲ್ಲೂ ನೀವು ಫಾಲೋ ಮಾಡಿದವರದ್ದು ಮಾತ್ರ ತೋರಿಸುವ ಪುಟ ಬೇರೆ ಇದೆ. ಹುಡುಕಿ ಅದನ್ನೇ ಬಳಸಿ.

ರೀಡರ್ ಸುದ್ದಿಯನ್ನು ತರುತ್ತದೆ, ಪರೀಕ್ಷೆ ಮಾಡುವುದಿಲ್ಲ ಅನ್ನುವುದೂ ನೆನಪಿರಲಿ. ಸುಳ್ಳು ಬರೆಯುವ ತಾಣವನ್ನು ಸೇರಿಸಿದರೆ ಸುಳ್ಳೇ ಬರುತ್ತದೆ, ಅದೂ ಹೊತ್ತಿಗೆ ಸರಿಯಾಗಿ. ಒಂದು ತಾಣ ಎರಡು ಸಲ ತಪ್ಪು ಬರೆದು ತಿದ್ದದೆ ಬಿಟ್ಟರೆ ನಾನು ತೆಗೆದುಹಾಕುತ್ತೇನೆ.

ಪಟ್ಟಿ ಕಾಪಾಡಿಕೊಳ್ಳಿ

ಗೂಗಲ್ ರೀಡರ್ ಅಂತ ಒಂದು ಒಳ್ಳೆಯ ಸೇವೆ ಇತ್ತು. 2005ರಲ್ಲಿ ಶುರುವಾಗಿ 2013ರ ಜುಲೈ 1ಕ್ಕೆ ಮುಚ್ಚಿತು. ಅದನ್ನೇ ನಂಬಿದ್ದವರು ಬೇರೆ ಕಡೆ ಹೋಗಲು ನೆರವಾಗಿದ್ದು ಓಪಿಎಂಎಲ್ ಎಂಬ ಫೈಲ್. ನಿಮ್ಮ ಎಲ್ಲ ಫೀಡುಗಳ ವಿಳಾಸ ಅದರಲ್ಲಿ ಇರುತ್ತದೆ. ಫೀಡರ್‌ನ ಮೆನುವಿನಲ್ಲಿ ಓಪಿಎಂಎಲ್ ರಫ್ತು ಮಾಡುವ ಆಯ್ಕೆ ಇದೆ. ಎರಡು ತಿಂಗಳಿಗೊಮ್ಮೆ ಮಾಡಿ, ನಿಮಗೇ ಇಮೇಲ್ ಮಾಡಿಕೊಳ್ಳಿ. ಫೋನ್ ಕೆನಾಲಿಗೆ ಬಿದ್ದರೂ ಪಟ್ಟಿ ಉಳಿಯುತ್ತದೆ. ಯಾವುದಾದರೂ ಫೀಡ್ ಒಂದು ವಾರ ಸುಮ್ಮನಿದ್ದರೆ ತಾಣಕ್ಕೆ ಹೋಗಿ ನೋಡಿ. ವಿಳಾಸ ಬದಲಾಗಿರಬಹುದು.

ಇದೇ ಫೈಲನ್ನು ಮನೆಯವರಿಗೂ ಕೊಡಬಹುದು. ಸೋದರತ್ತೆಯ ಫೋನಿಗೆ ನಾನು ನಾಲ್ಕೇ ಫೀಡ್ ಹಾಕಿಕೊಟ್ಟೆ. ಅಕ್ಷರ ದೊಡ್ಡದು ಮಾಡಿದೆ. ಅವರಿಗೆ ಕಣ್ಣು ಮಂಜು, ಓದುವುದು ಕಷ್ಟ. ಫೀಡರ್‌ನಲ್ಲಿ ಬರಹವನ್ನು ಗಟ್ಟಿಯಾಗಿ ಓದಿಸುವ ಆಯ್ಕೆ ಇದೆ. ಫೋನಿನ ಸೆಟ್ಟಿಂಗಿನಲ್ಲಿ ಗೂಗಲ್‌ನ ಧ್ವನಿ ಸೇವೆಗೆ ಹೋಗಿ ಕನ್ನಡ ದನಿಯನ್ನು ಮೊದಲೇ ಇಳಿಸಿಕೊಂಡಿರಬೇಕು, ಇಲ್ಲದಿದ್ದರೆ ಓದುವುದಿಲ್ಲ. ಈಗ ಅವರು ಸಂಜೆ ದನಕ್ಕೆ ಮೇವು ಹಾಕಿ, ಫೋನನ್ನು ಕಟ್ಟೆಯ ಮೇಲಿಟ್ಟು, ಡ್ಯಾಂಗೆ ಎಷ್ಟು ನೀರು ಬಂತು ಅಂತ ಕೇಳಿಸಿಕೊಳ್ಳುತ್ತಾರೆ. ಕೆಲವು ಸಲ ನನಗೇ ಫೋನ್ ಮಾಡಿ ಹೇಳುತ್ತಾರೆ.